ಬೇಲಿಯೊಳಗಿನ ಬಿಡಾರ

ಕನ್ನಡದಲ್ಲಿ ‘ಮನೆ’ ಎಂಬ ಮಾತಿಗೂ ‘ಬಿಡಾರ’ ಎಂಬ ಮಾತಿಗೂ ಒಂದು ಸೂಕ್ಷ್ಮವಾದ ಅಂತರವಿದೆ. ಮನೆಯನ್ನು ಕಟ್ಟುತ್ತೇವೆ; ಬಿಡಾರವನ್ನು ಹೂಡುತ್ತೇವೆ. ಮನೆಗೆ ತಳಪಾಯ ಬೇಕು. ಬಿಡಾರಕ್ಕೆ ನೆಲದ ಒಡೆಯನ ಅಪ್ಪಣೆ ಸಾಕು. ಆದರೆ ಆ ಅಪ್ಪಣೆ ತಪ್ಪಿದ ದಿನವೇ ಬಿಡಾರವನ್ನು ಕೀಳಬೇಕು. ಹೊರದೇಶದಿಂದ ಕೆಲಸದ ಕರೆ ಬಂದು, ಸಂಬಳದ ಜೊತೆಗೆ ಕಂಪೆನಿಯೇ ವಸತಿಯನ್ನೂ ಕೊಡುತ್ತದೆಂದು ತಿಳಿದಾಗ, ಸಂತೋಷದ ಭರದಲ್ಲಿ ನಾವು ಮೊದಲು ಮರೆಯುವುದು ಈ ಅಂತರವನ್ನೇ.

ನಾನು 1994ರಿಂದ 2008ರವರೆಗೆ, ಹದಿನಾಲ್ಕು ವರ್ಷ, ಸೌದಿ ಅರೇಬಿಯದ ಪೂರ್ವ ಪ್ರಾಂತ್ಯದ ಒಂದು ಕಂಪೆನಿ ವಸತಿಯಲ್ಲಿ ಸಂಸಾರ ಹೂಡಿದ್ದವನು. ಊರಿಗೆ ಹಿಂದಿರುಗಿದ ಮೇಲೆ, ನೇಮಕದ ಪತ್ರವನ್ನು ಕೈಯಲ್ಲಿ ಹಿಡಿದ ತರುಣರು ಆಗಾಗ ಬಂದು, “ಹೋಗಲೇ ಸಾರ್, ಬೇಡವೇ?” ಎಂದು ಕೇಳುವುದುಂಟು. ಆ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಆದರೆ ತಕ್ಕಡಿಯಲ್ಲಿ ಏನೇನನ್ನು ಇಡಬೇಕು ಎಂಬುದನ್ನು ಹೇಳಬಹುದು. ನನ್ನ ಇಂದಿನ ಮಾತು ಅಷ್ಟಕ್ಕೇ ಸೀಮಿತ.

ಕಂಪೆನಿಯ ವಸತಿ ನಮಗೆ ಹೊಸದೇನಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ, ಬೆಂಗಳೂರಿನ ಎಚ್.ಎಂ.ಟಿ.ಯ ಬಡಾವಣೆಗಳಲ್ಲಿ ಬೆಳೆದವರು ನಮ್ಮಲ್ಲಿ ಬಹು ಮಂದಿ. ಇನ್ನು, ಪರದೇಶದಲ್ಲಿ ಕಂಪೆನಿಯ ಆಸರೆಯಲ್ಲಿ ಸಂಸಾರ ಮಾಡುವುದೆಂದರೇನು ಎಂಬುದಕ್ಕೆ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ನಿದರ್ಶನವಿಲ್ಲ. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲೆಂಡಿನ ಸಂಸ್ಥೆ ಅಲ್ಲಿ ಗಣಿ ನಡೆಸುತ್ತಿದ್ದ ಕಾಲದಲ್ಲಿ ಆಂಗ್ಲ ಅಧಿಕಾರಿಗಳ ಪಾಲಿಗೆ ಕೋಲಾರವೇ ಪರದೇಶ. ಅವರಿಗೆ ಬಂಗಲೆ, ಕ್ಲಬ್ಬು, ಆಸ್ಪತ್ರೆ ಎಲ್ಲವೂ ಕಂಪೆನಿಯವೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಅಲ್ಲಿಗೆ ಹರಿಯಿತು. ಕೂಗಳತೆಯ ದೂರದಲ್ಲಿ ಗಣಿಯೊಳಗೆ ಇಳಿಯುವ ಕೂಲಿಗಳ ತಟ್ಟಿ ಗುಡಿಸಲುಗಳ ಸಾಲು. ದೇಶ ಸ್ವತಂತ್ರವಾಯಿತು, ಗಣಿ ಸರ್ಕಾರದ ಕೈಗೆ ಬಂತು, ಬಂಗಲೆಗಳ ಒಡೆಯರು ಹೊರಟುಹೋದರು. ಕಡೆಗೆ 2001ರ ಫೆಬ್ರುವರಿ 28ರಂದು ಗಣಿಯೂ ಮುಚ್ಚಿತು. ಉದ್ಯೋಗಕ್ಕೆ ಅಂಟಿಕೊಂಡ ಸೂರಿನ ಆಯುಸ್ಸು ಉದ್ಯೋಗದ ಆಯುಸ್ಸಿನಷ್ಟೇ ಎಂಬ ಪಾಠ ನಮ್ಮ ನೆರೆಯಲ್ಲೇ ಇದೆ.

ಅರೇಬಿಯದ ಕಥೆಯೂ ಇದೇ ಧಾಟಿಯದು. 1933ರಲ್ಲಿ ಅಮೆರಿಕದ ತೈಲ ಕಂಪೆನಿಯೊಂದು ಸೌದಿ ದೊರೆಯಿಂದ ಎಣ್ಣೆ ಹುಡುಕುವ ಹಕ್ಕನ್ನು ಪಡೆಯಿತು. 1938ರಲ್ಲಿ ದಹ್ರಾನಿನ ಏಳನೆಯ ಬಾವಿಯಲ್ಲಿ ಹೇರಳವಾಗಿ ಎಣ್ಣೆ ಚಿಮ್ಮಿತು. ಅದರ ಸುತ್ತ ಬೆಳೆದ ಊರಿನಲ್ಲಿ ಅಮೆರಿಕನ್ ಕುಟುಂಬಗಳಿಗೆ ಬೇಲಿಯೊಳಗೆ ಹುಲ್ಲುಹಾಸಿನ ಮನೆಗಳು. ಅರಬ್ಬೀ ಕಾರ್ಮಿಕರಿಗೆ ಬೇರೆಯೇ ಕ್ಯಾಂಪು. ಈ ತಾರತಮ್ಯವೂ ಸೇರಿ 1945, 1953 ಮತ್ತು 1956ರಲ್ಲಿ ಮುಷ್ಕರಗಳಾದುವು. ಕುವೈತಿನಲ್ಲಿ ತೈಲ ಕಂಪೆನಿ ಕಟ್ಟಿದ ಅಹ್ಮದಿ ಎಂಬ ಊರಿನ ನಕ್ಷೆ ಇನ್ನೂ ನಿಚ್ಚಳ. ಉತ್ತರ ಭಾಗ ಬ್ರಿಟಿಷ್ ಮತ್ತು ಅಮೆರಿಕನ್ ಅಧಿಕಾರಿಗಳಿಗೆ, ದಕ್ಷಿಣ ಭಾಗ ಅರಬ್ಬೀ ಕೂಲಿಗಳಿಗೆ; ನಡುವಿನದು ಭಾರತ ಪಾಕಿಸ್ತಾನಗಳಿಂದ ಬಂದ ಗುಮಾಸ್ತರಿಗೆ ಮತ್ತು ತಂತ್ರಜ್ಞರಿಗೆ. ಕೊಲ್ಲಿಯ ನಾಡಿನಲ್ಲಿ ನಮ್ಮವರ ಸ್ಥಾನ ಅಂದಿನಿಂದಲೂ ಈ ನಡುವಿನ ಮೆಟ್ಟಿಲು. ಅಬ್ದುಲ್ ರಹಮಾನ್ ಮುನೀಫ್ ಎಂಬ ಅರಬ್ಬೀ ಕಾದಂಬರಿಕಾರರು, ಸ್ವತಃ ತೈಲದ ಅರ್ಥಶಾಸ್ತ್ರ ಬಲ್ಲವರು, 1984ರಲ್ಲಿ ಪ್ರಕಟವಾದ ‘ಉಪ್ಪಿನ ನಗರಗಳು’ ಎಂಬ ಕೃತಿಯಲ್ಲಿ ಹರ್‍ರಾನ್ ಎಂಬ ಕಲ್ಪಿತ ಊರು ಅಮೆರಿಕನ್ ಹರ್‍ರಾನ್, ಅರಬ್ಬೀ ಹರ್‍ರಾನ್ ಎಂದು ಸೀಳಿಹೋಗುವುದನ್ನು ಚಿತ್ರಿಸಿದ್ದಾರೆ. ಬೇಲಿಯ ಹೊರಗೆ ನಿಂತವರ ಕಣ್ಣಿಗೆ ಒಳಗಿನ ಹಸುರು ಹೇಗೆ ಕಾಣುತ್ತದೆ ಎಂಬುದನ್ನು ಅರಿಯಬೇಕಾದರೆ ಅದನ್ನು ಓದಬೇಕು.

ಇಷ್ಟು ಹಿನ್ನೆಲೆಯ ಮೇಲೆ ನೇಮಕದ ಪತ್ರಕ್ಕೆ ಬರೋಣ. ಪತ್ರದಲ್ಲಿ ದಪ್ಪಕ್ಷರದ ಮೊತ್ತವೊಂದಿರುತ್ತದೆ. ಅದನ್ನು ರೂಪಾಯಿಗೆ ಗುಣಿಸಿ ಹಿಗ್ಗುವುದು ಸಹಜ. ಆದರೆ ನೋಡಬೇಕಾದುದು ಅದರಲ್ಲಿ ಮೂಲವೇತನವೆಷ್ಟು, ಭತ್ಯೆಗಳೆಷ್ಟು, ಕೆಲಸ ಬಿಡುವಾಗ ಕೈಗೆ ಬರುವುದೆಷ್ಟು ಎಂಬುದನ್ನು. ಅಲ್ಲಿ ನಮಗೆ ನಿವೃತ್ತಿವೇತನವಿಲ್ಲ. ಸೇವಾಂತ್ಯದ ಇಡಿಗಂಟು ಮಾತ್ರ ಉಂಟು. ಸೌದಿ ಕಾನೂನಿನ ಪ್ರಕಾರ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ ಅರ್ಧ ತಿಂಗಳ ವೇತನ, ಅನಂತರ ವರ್ಷಕ್ಕೊಂದು ತಿಂಗಳದು. ಆದರೆ ತಾನಾಗಿ ರಾಜೀನಾಮೆ ಕೊಟ್ಟವನಿಗೆ, ಸೇವೆ ಎರಡರಿಂದ ಐದು ವರ್ಷದೊಳಗಿದ್ದರೆ, ಅದರ ಮೂರನೆಯ ಒಂದು ಪಾಲು ಮಾತ್ರ. ನಾಲ್ಕು ವರ್ಷ ದುಡಿದು, ಮನೆಯ ನೆನಪು ಕಾಡಿ ಬಿಟ್ಟುಬಂದವನ ಲೆಕ್ಕ ಹಾಕಿ: ಎರಡು ತಿಂಗಳ ವೇತನದ ಮೂರನೆಯ ಒಂದು ಪಾಲು, ಎಂದರೆ ಇಪ್ಪತ್ತು ದಿನಗಳ ಸಂಬಳ! ಹಾಗೆಯೇ 2017ರ ಜುಲೈಯಿಂದ ಅಲ್ಲಿ ಅವಲಂಬಿತರ ಮೇಲೆ ಶುಲ್ಕವನ್ನು ವಿಧಿಸಲಾಯಿತು. ತಲೆಗೆ ತಿಂಗಳಿಗೆ 100 ರಿಯಾಲಿನಿಂದ ತೊಡಗಿ ಅದು 2020ರಲ್ಲಿ 400ಕ್ಕೆ ಏರಿತು. ಹೆಂಡತಿ, ಇಬ್ಬರು ಮಕ್ಕಳು ಎಂದರೆ ವರ್ಷಕ್ಕೆ 14,400 ರಿಯಾಲು. ಇದನ್ನು ಕಂಪೆನಿ ತೆರುವುದೋ, ನಾವು ತೆರಬೇಕೋ? ಪತ್ರದಲ್ಲಿ ಬರೆದಿರದಿದ್ದರೆ ಕೇಳಿ ಬರೆಯಿಸಿಕೊಳ್ಳಬೇಕು.

ಪತ್ರದಲ್ಲಿ ಇನ್ನೊಂದು ಚಿಕ್ಕ ಮಾತಿರುತ್ತದೆ: ‘ಫ್ಯಾಮಿಲಿ ಸ್ಟೇಟಸ್’ ಅಥವಾ ‘ಬ್ಯಾಚುಲರ್ ಸ್ಟೇಟಸ್’. ಈ ಎರಡನೆಯ ವರ್ಗಕ್ಕೂ ಮದುವೆಗೂ ಸಂಬಂಧವಿಲ್ಲ. ಮೂರು ಮಕ್ಕಳ ತಂದೆಯೂ ಆ ಕಾಗದದಲ್ಲಿ ಬ್ರಹ್ಮಚಾರಿಯೇ. ಅವನಿಗೆ ಕೊಡುವುದು ಒಂದು ಕೋಣೆ, ಹಲವು ವೇಳೆ ಕೋಣೆಯ ಒಂದು ಮೂಲೆ. ಕೊಲ್ಲಿಗೆ ಹೋದ ನಮ್ಮವರಲ್ಲಿ ಬಹುಪಾಲು ಜನ, ಭಟ್ಕಳದವರಿರಲಿ, ಉಡುಪಿಯವರಿರಲಿ, ಈ ಬಗೆಯ ಬ್ರಹ್ಮಚರ್ಯದಲ್ಲೇ ಯೌವನವನ್ನು ಕಳೆದವರು. ಸಂಸಾರ ಸಮೇತ ಹೋಗುವ ಅವಕಾಶ ಸಂಬಳ ಮತ್ತು ಹುದ್ದೆ ಎರಡೂ ಒಂದು ಮಟ್ಟ ಮುಟ್ಟಿದವರ ಭಾಗ್ಯ. ನಾನು ಮುಂದೆ ಹೇಳುವ ಕಷ್ಟಗಳೆಲ್ಲ ಭಾಗ್ಯವಂತರ ಕಷ್ಟಗಳು ಎಂಬುದನ್ನು ಮರೆಯಬಾರದು.

ಆ ಭಾಗ್ಯದ ಮನೆ ಹೇಗಿರುತ್ತದೆ? ನಾವು ಕಾಲಿಟ್ಟ ದಿನ ವಸತಿ ಕಚೇರಿಯವನೊಬ್ಬ ಪಟ್ಟಿಯೊಂದನ್ನು ಹಿಡಿದು ಬಂದ. ಮಂಚ ಮೂರು, ಕುರ್ಚಿ ಆರು, ಪರದೆ ಇಷ್ಟು ಜೊತೆ, ಚಮಚ ಹನ್ನೆರಡು. ಎಣಿಸಿ, ಸಹಿ ಮಾಡಿ ತೆಗೆದುಕೊಂಡೆವು. ಬಿಡುವ ದಿನ ಹಾಗೆಯೇ ಎಣಿಸಿ ಒಪ್ಪಿಸಬೇಕು. ನೀರಿನ ಬಿಲ್ಲಿಲ್ಲ, ವಿದ್ಯುತ್ತಿನ ಚಿಂತೆಯಿಲ್ಲ, ನಲ್ಲಿ ಸೋರಿದರೆ ದೂರವಾಣಿ ಮಾಡಿದ ಗಂಟೆಯೊಳಗೆ ರಿಪೇರಿಯವನು ಬಾಗಿಲಲ್ಲಿ. ನಮ್ಮ ಊರಿನಲ್ಲಿ ನಲ್ಲಿಯ ನೀರಿಗಾಗಿ ರಾತ್ರಿ ಎದ್ದು ಕೂತವರಿಗೆ ಇದು ಇಂದ್ರಭೋಗವೇ ಸರಿ. ಆದರೆ ಗೋಡೆಗೆ ಮೊಳೆ ಹೊಡೆಯಲು ಅನುಮತಿ ಬೇಕು. ಬೀದಿಯ ಹೆಸರು ಹೇಳಿದರೆ ಸಾಕು, ಸಂಬಳ ಎಷ್ಟೆಂದು ಎಲ್ಲರಿಗೂ ತಿಳಿಯುತ್ತದೆ, ಏಕೆಂದರೆ ಹುದ್ದೆಗೆ ತಕ್ಕ ಬೀದಿ, ಬೀದಿಗೆ ತಕ್ಕ ಮನೆ. ಬಡ್ತಿ ಬಂದವನು ಮನೆ ಬದಲಿಸುತ್ತಾನೆ. ಅವನ ಹೆಂಡತಿ ನೆರೆಯವರನ್ನೂ ಬದಲಿಸಬೇಕಾಗುತ್ತದೆ.

ಹೆಂಗಸರ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ನನ್ನ ಪತ್ನಿ ಇಲ್ಲಿ ಪದವಿಪೂರ್ವ ಕಾಲೇಜಿನಲ್ಲಿ ಗಣಿತದ ಅಧ್ಯಾಪಕಿಯಾಗಿದ್ದವರು. ಅಲ್ಲಿಗೆ ಬಂದಾಗ ಅವರಿಗೆ ಕೊಟ್ಟ ಇಕಾಮ, ಎಂದರೆ ವಾಸದ ಪರವಾನಗಿ, ‘ಕೆಲಸ ಮಾಡಲು ಅನುಮತಿಯಿಲ್ಲ’ ಎಂಬ ಒಕ್ಕಣೆಯೊಂದಿಗೆ ಬಂತು. ಹನ್ನೊಂದು ವರ್ಷ ಪಾಠ ಹೇಳಿದ ಹೆಂಗಸಿನ ಗುರುತು ಒಂದು ದಿನದಲ್ಲಿ ‘ಇಂಥವರ ಪತ್ನಿ’ ಎಂದಷ್ಟೇ ಆಯಿತು. ನಾವಿದ್ದ ಕಾಲದಲ್ಲಿ ಬೇಲಿಯೊಳಗೆ ಹೆಂಗಸರು ಕಾರು ನಡೆಸಬಹುದಿತ್ತು, ಹೊರಗೆ ನಡೆಸುವಂತಿರಲಿಲ್ಲ. ಗೇಟಿನ ತನಕ ತಾವೇ ಓಡಿಸಿಕೊಂಡು ಬಂದವರು ಅಲ್ಲಿ ಇಳಿದು ಹಿಂದಿನ ಆಸನಕ್ಕೆ ಸರಿಯಬೇಕಾಗಿತ್ತು. 2018ರ ಜೂನ್ 24ರಿಂದ ಆ ನಿರ್ಬಂಧ ಹೋಗಿದೆ. ಆದರೆ ಗಂಡನ ನೌಕರಿಯ ನೆರಳಿನಲ್ಲಿ ಹೆಂಡತಿಯ ವೃತ್ತಿ ಬಾಡುವುದು ನಿಂತಿಲ್ಲ. ಇದು ಕೊಲ್ಲಿಗೆ ಮಾತ್ರ ಸೀಮಿತವಾದುದೂ ಅಲ್ಲ. ಆಕೆಯ ಸಂಬಳವನ್ನು ನಷ್ಟದ ಕಡೆ ಬರೆಯುವುದು ಸುಲಭ. ಸೇವಾ ಜ್ಯೇಷ್ಠತೆ, ತನ್ನದೇ ಹೆಸರು, ಸಂಜೆ ಮನೆಗೆ ಬಂದು ಹೇಳಿಕೊಳ್ಳಲು ತನ್ನದೇ ಒಂದು ಸುದ್ದಿ, ಇವುಗಳಿಗೆ ಯಾವ ಕಂಪೆನಿಯೂ ಭತ್ಯೆ ಕೊಡುವುದಿಲ್ಲ. ಹೊರಡುವ ಮುನ್ನ ನಾವಿಬ್ಬರೂ ಕೂತು ಮಾಡಿದ ಲೆಕ್ಕದಲ್ಲಿ ಈ ಬಾಬನ್ನು ಅವರೇ ತಮ್ಮ ಕೈಯಾರೆ ಬರೆದರು. ತಿಳಿದು ಬಿಟ್ಟದ್ದಕ್ಕೂ ತಿಳಿಯದೆ ಕಳೆದುಕೊಂಡದ್ದಕ್ಕೂ ವ್ಯತ್ಯಾಸವಿದೆ.

ಮಕ್ಕಳಿಗೆ ಬೇಲಿಯೊಳಗಿನ ಊರು ಸ್ವರ್ಗ. ಈಜುಕೊಳ, ಆಟದ ಬಯಲು, ಹತ್ತು ದೇಶಗಳ ಗೆಳೆಯರು, ಹಗಲು ರಾತ್ರಿ ನಿರ್ಭಯ. ಆದರೆ ಈ ಸ್ವರ್ಗಕ್ಕೂ ಪುಣ್ಯ ಕ್ಷೀಣಿಸುವ ಗಡುವೊಂದಿದೆ. ದಹ್ರಾನಿನ ಅಮೆರಿಕನ್ ಕುಟುಂಬಗಳಿಗೆ ಕಂಪೆನಿಯ ಶಾಲೆ ದಶಕಗಳ ಕಾಲ ಒಂಬತ್ತನೆಯ ತರಗತಿಗೆ ಮುಗಿಯುತ್ತಿತ್ತು. ಹದಿನೈದರ ಹುಡುಗರು ಹೊರದೇಶದ ವಸತಿ ಶಾಲೆಗಳಿಗೆ ವಿಮಾನ ಹತ್ತುತ್ತಿದ್ದರು. ನಮ್ಮವರ ಮಕ್ಕಳು ಊರಿನ ಭಾರತೀಯ ಶಾಲೆಗಳಲ್ಲಿ ಹನ್ನೆರಡನೆಯ ತರಗತಿಯವರೆಗೆ ಓದಿ, ಕಾಲೇಜಿಗೆ ಭಾರತಕ್ಕೆ ಹೊರಡುತ್ತಿದ್ದರು. ಒಂದು ಅರ್ಥದಲ್ಲಿ ಹಿಂದಿರುಗುವ ವರ್ಷವನ್ನು ನಿರ್ಧರಿಸುವವನು ತಂದೆಯಲ್ಲ, ಹಿರಿಯ ಮಗುವಿನ ವಯಸ್ಸು.

ಇದಕ್ಕಿಂತ ಗಹನವಾದ ಕೊರತೆಯೊಂದು ನನಗೆ ಬಹಳ ತಡವಾಗಿ ಕಣ್ಣಿಗೆ ಬಿತ್ತು. ಆ ಊರಿನಲ್ಲಿ ಮುದುಕರಿರಲಿಲ್ಲ. ಅರವತ್ತಕ್ಕೆ ನೌಕರಿ ಮುಗಿಯುತ್ತದೆ, ನೌಕರಿಯೊಡನೆ ವಾಸದ ಹಕ್ಕೂ ಮುಗಿಯುತ್ತದೆ. ನಿರುದ್ಯೋಗಿಗಳಿಲ್ಲ, ಕೆಲಸವಿಲ್ಲದವನಿಗೆ ಅಲ್ಲಿ ಸ್ಥಳವೇ ಇಲ್ಲ. ತೀರಿಕೊಂಡ ಹಿಂದೂಗಳ ದೇಹ ವಿಮಾನದಲ್ಲಿ ಊರಿಗೆ ಹೋಗುತ್ತದೆ. ಇಪ್ಪತ್ತೈದರಿಂದ ಅರವತ್ತರವರೆಗಿನ ಗಟ್ಟಿಮುಟ್ಟಾದವರೂ ಅವರ ಮಕ್ಕಳೂ ಮಾತ್ರ ಇರುವ ಊರು ಅದು. ನನ್ನ ಮಗಳು ಮುಪ್ಪು ಎಂದರೇನೆಂದು ಕಂಡದ್ದು ವಾರ್ಷಿಕ ರಜೆಯಲ್ಲಿ ಅಜ್ಜನ ಮನೆಗೆ ಬಂದಾಗ. “ತಾತನ ಕೈ ಯಾಕೆ ನಡುಗುತ್ತೆ?” ಎಂದು ಕೇಳಿದಾಗ ಅವಳಿಗೆ ಒಂಬತ್ತು ವರ್ಷ. ಆ ನಡುಕವನ್ನು ದಿನದಿನವೂ ನೋಡುತ್ತ ನೀರಿನ ಲೋಟ ಹಿಡಿದು ನಿಲ್ಲುವುದೂ ಒಂದು ವಿದ್ಯೆ. ಅದನ್ನು ಕಲಿಸುವ ಶಾಲೆ ಬೇಲಿಯೊಳಗಿಲ್ಲ.

ಇನ್ನು ಈ ಬಿಡಾರ ತೂಗಿರುವ ದಾರದ ವಿಚಾರ. ಕಫಾಲ ಎಂಬ ಪ್ರಾಯೋಜಕತ್ವದ ಪದ್ಧತಿಯಲ್ಲಿ ನೌಕರನ ವಾಸ ಮಾಲೀಕನ ಮರ್ಜಿಗೆ ಕಟ್ಟಿದ್ದು. ಸೌದಿ ಸರ್ಕಾರ 2021ರ ಮಾರ್ಚಿಯಲ್ಲಿ ಇದನ್ನು ಸಡಿಲಿಸಿತು. ನೌಕರಿ ಬದಲಿಸುವುದೂ ದೇಶದಿಂದ ಹೊರಟುಬರುವುದೂ ಖಾಸಗಿ ನೌಕರರಿಗೆ ಮೊದಲಿಗಿಂತ ಸುಲಭವಾಯಿತು. ಆದರೆ ಮನೆಗೆಲಸದವರನ್ನೂ ಚಾಲಕರನ್ನೂ ಆ ಸುಧಾರಣೆ ಒಳಗೊಳ್ಳಲಿಲ್ಲ. ದಾರ ಉದ್ದವಾಯಿತು, ಹರಿಯಲಿಲ್ಲ ಎನ್ನೋಣ. ಅದು ಒಮ್ಮೆಲೇ ಹರಿದಾಗ ಏನಾಗುತ್ತದೆಂಬುದನ್ನು 1990ರ ಆಗಸ್ಟ್ 2ರ ಅನಂತರ ಕುವೈತಿನಲ್ಲಿದ್ದವರು ಕಂಡರು. ಇರಾಕಿನ ಸೇನೆ ನುಗ್ಗಿದ ಮೇಲೆ ಸುಮಾರು 1,70,000 ಭಾರತೀಯರನ್ನು ಹೆಚ್ಚಾಗಿ ಜೋರ್ಡಾನಿನ ಅಮ್ಮಾನಿನ ಮೂಲಕ ವಿಮಾನಗಳಲ್ಲಿ ಕರೆತರಲಾಯಿತು. ಜೀವಮಾನದ ಉಳಿತಾಯವನ್ನು ಅಲ್ಲಿಯ ಬ್ಯಾಂಕುಗಳಲ್ಲೇ ಬಿಟ್ಟು, ಒಂದು ಕೈಚೀಲದೊಡನೆ ಇಳಿದವರು ಅವರಲ್ಲಿದ್ದರು. ಮರುವರ್ಷ ವಿಶ್ವಸಂಸ್ಥೆ ಪರಿಹಾರ ಆಯೋಗವನ್ನು ರಚಿಸಿದಾಗ, ಅಲ್ಲಿ ವಾಸವಿದ್ದುದಕ್ಕೂ ದುಡಿದುದಕ್ಕೂ ಕಾಗದಪತ್ರಗಳಿದ್ದವರಿಗೆ ದಾರಿ ಸುಗಮವಾಯಿತು. ಆದಕಾರಣ ಎರಡು ಮಾತು: ಗಳಿಸಿದ್ದನ್ನು ಗಳಿಸಿದ ಊರಿನಲ್ಲೇ ಪೂರ್ತಿ ಇಡಬೇಡಿ, ಕರಾರುಪತ್ರದ ಒಂದು ಪ್ರತಿ ಸದಾ ತಾಯ್ನಾಡಿನಲ್ಲಿರಲಿ.

ಹಾಗಾದರೆ ಹೋಗಲೇಬಾರದೆ? ಹಾಗೆಂದು ನಾನು ಹೇಳಲಾರೆ. ಆ ಹದಿನಾಲ್ಕು ವರ್ಷ ನನ್ನ ತಂದೆಯ ಸಾಲವನ್ನು ತೀರಿಸಿತು, ತಂಗಿಯರಿಬ್ಬರ ಮದುವೆ ಮಾಡಿತು, ಮಕ್ಕಳನ್ನು ಓದಿಸಿತು, ಮೈಸೂರಿನಲ್ಲಿ ಒಂದು ಮನೆಯನ್ನು ಕಟ್ಟಿಸಿತು. ಪಕ್ಕದ ಮನೆಯ ಸುಡಾನಿನ ವೈದ್ಯರೂ ಎದುರು ಮನೆಯ ಲಾಹೋರಿನ ಇಂಜಿನಿಯರರೂ ನಮ್ಮ ಬಂಧುಗಳಂತಾದರು. ಪತ್ರಿಕೆಗಳು ಹೇಳಿಕೊಟ್ಟಿದ್ದ ಎಷ್ಟೋ ಹಗೆಗಳು ಒಂದೇ ಪಾತ್ರೆಯ ಪಾಯಸದ ಮುಂದೆ ಕರಗಿದುವು. ನಷ್ಟದ ಪಟ್ಟಿಯನ್ನು ಓದಿದವನು ಲಾಭದ ಪಟ್ಟಿಯನ್ನು ಮುಚ್ಚಿಡಬಾರದು.

ನೇಮಕದ ಪತ್ರ ಬರುವುದು ಒಬ್ಬನ ಹೆಸರಿಗೆ; ಅದಕ್ಕೆ ಬೆಲೆ ತೆರುವವರು ಮನೆಮಂದಿಯೆಲ್ಲ. ಆದುದರಿಂದ ಸಹಿ ಹಾಕುವ ಮುನ್ನ ಪತ್ರವನ್ನು ಊಟದ ಮನೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಹೆಂಡತಿ ಏನನ್ನು ಬಿಡುತ್ತಾಳೆ, ಮಕ್ಕಳು ಯಾವ ತರಗತಿಯಲ್ಲಿ ಮರಳುತ್ತಾರೆ, ಅಪ್ಪ ಅಮ್ಮ ಹಾಸಿಗೆ ಹಿಡಿದರೆ ಯಾರು ಬರುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಅದರ ಹಿಂಬದಿಯಲ್ಲೇ ಬರೆದಿಡಬೇಕು. ಕೊನೆಯಲ್ಲಿ ಒಂದು ಇಸವಿ: ಇಂಥ ವರ್ಷ ಬಿಡಾರ ಕೀಳುತ್ತೇವೆ ಎಂದು. ಆ ಇಸವಿ ಒಂದೆರಡು ವರ್ಷ ಅತ್ತಿತ್ತ ಸರಿದರೆ ಬಾಧೆಯಿಲ್ಲ. ಇಸವಿಯನ್ನೇ ಬರೆಯದೆ ಹೊರಟವರಿಗೆ ಅದನ್ನು ಕಂಪೆನಿ ಬರೆದುಕೊಡುತ್ತದೆ, ಇಲ್ಲವೆ ಊರಿನಿಂದ ನಡುರಾತ್ರಿ ಬರುವ ದೂರವಾಣಿಯ ಕರೆ ಬರೆಯುತ್ತದೆ.