ಸರಕು ಬಿಗಿಯುವ ಪಟ್ಟಿಯೂ ಘರ್ಷಣೆಯೂ

ಮಂಡಿಯಲ್ಲಿ ಲಾರಿಗೆ ಮೂಟೆ ಹೇರಿ, ಮೇಲೆ ಹಗ್ಗ ಬೀಸಿ ಬಿಗಿಯುವುದನ್ನು ಕಾಣದವರು ವಿರಳ. ಯಂತ್ರಸಾಮಗ್ರಿ, ಮರದ ಪೆಟ್ಟಿಗೆ ಮೊದಲಾದವನ್ನು ಸಾಗಿಸುವಲ್ಲಿ ಈ ಹಗ್ಗದ ಕೆಲಸವನ್ನು ಪಾಲಿಯೆಸ್ಟರ್ ನೂಲಿನ ಪಟ್ಟಿ ವಹಿಸಿಕೊಂಡಿದೆ. ಹಲ್ಲುಗಾಲಿಯುಳ್ಳ ರ್‍ಯಾಚೆಟ್ ಎಂಬ ಹಿಡಿಯಿಂದ ಅದನ್ನು ಬಿಗಿಯುತ್ತಾರೆ. ಪಟ್ಟಿ ಹರಿಯದಿದ್ದರೆ ಸರಕು ಕದಲದೆಂಬುದು ಸಾಮಾನ್ಯವಾದ ನಂಬಿಕೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ವಿಚಾರಿಸೋಣ.

ಲಾರಿ ಹಠಾತ್ತನೆ ನಿಂತಾಗ ಸರಕು ಜಡತ್ವದಿಂದ ಮುಂದಕ್ಕೆ ಚಲಿಸಲೆಳಸುತ್ತದೆ. ಮುಂದೆ ಕುಳಿತವನು ಚಾಲಕ. ಯೂರೋಪಿನ ಇಎನ್ 12195 ಎಂಬ ಮಾನದಂಡದ ಪ್ರಕಾರ, ಸರಕಿನ ತೂಕದ 0.8 ರಷ್ಟು ಬಲವನ್ನು ಮುಂದಿಕ್ಕಿನಲ್ಲಿಯೂ 0.5 ರಷ್ಟನ್ನು ಪಕ್ಕಕ್ಕೂ ಹಿಂದಕ್ಕೂ ತಡೆಯಬೇಕು. ಸರಕಿನ ಮೇಲಿಂದ ಹಾಯ್ದು ಇಕ್ಕೆಲಗಳಲ್ಲಿ ಕಟ್ಟಿದ ಪಟ್ಟಿಯಾದರೋ ಮುಂದಿನ ಚಲನೆಗೆ ನೇರವಾಗಿ ಅಡ್ಡ ಬರುವುದಿಲ್ಲ. ಅದು ಸರಕನ್ನು ಹಲಗೆಗೆ ಒತ್ತುತ್ತದೆ, ಅಷ್ಟೆ. ತಡೆಯುವುದು ಘರ್ಷಣೆ. ಒತ್ತಡಕ್ಕೆ ಅನುಗುಣವಾಗಿ ಘರ್ಷಣೆ ಹೆಚ್ಚುವುದೆಂಬ ನಿಯಮವನ್ನು ಅಮೊಂತೊನ್ 1699ರಲ್ಲಿಯೇ ನಿರೂಪಿಸಿದ್ದನು.

ಪಟ್ಟಿಗೆ ಹೊಲಿದ ಚೀಟಿಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ಎಲ್‌ಸಿ ಎಂಬುದು ಪಟ್ಟಿ ತಾಳಬಲ್ಲ ಬಲ. 50 ಮಿಲಿಮೀಟರ್ ಅಗಲದ ಪಟ್ಟಿಗೆ ಇದು ಸಾಮಾನ್ಯವಾಗಿ 2,500 ಡೆಕಾನ್ಯೂಟನ್, ಅಂದರೆ ಸುಮಾರು ಎರಡೂವರೆ ಟನ್ನು. ಎಸ್‌ಟಿಎಫ್ ಎಂಬುದು ಕೈಯಿಂದ ಹಿಡಿಯನ್ನು ಬಿಗಿದಾಗ ಪಟ್ಟಿಯಲ್ಲಿ ಉಳಿಯುವ ಎಳೆತ. ಇದು ಎಷ್ಟೋ ಸಲ ಮುನ್ನೂರು ನಾನೂರಕ್ಕಿಂತ ಹೆಚ್ಚಿಲ್ಲ. ಕೊಳ್ಳುವವರು ದೊಡ್ಡ ಸಂಖ್ಯೆಯನ್ನು ನೋಡಿ ತೃಪ್ತರಾಗುತ್ತಾರೆ. ಮೇಲಿಂದ ಬಿಗಿಯುವ ಕ್ರಮದಲ್ಲಿ ಕೆಲಸಕ್ಕೆ ಬರುವುದು ಚಿಕ್ಕ ಸಂಖ್ಯೆಯೇ.

ಒಂದು ಉದಾಹರಣೆ. ಪೆಟ್ಟಿಗೆಯ ತೂಕ 1,000 ಕಿಲೋಗ್ರಾಂ, ಘರ್ಷಣಾಂಕ 0.3 ಎಂದಿಟ್ಟುಕೊಳ್ಳೋಣ. ತಡೆಯಬೇಕಾದುದು 800 ಕಿಲೋಗ್ರಾಂ ಬಲ, ತೂಕದಿಂದಲೇ ಒದಗುವ ಘರ್ಷಣೆ 300, ಕೊರತೆ 500. ಎಳೆತ 300 ಇರುವ ಪಟ್ಟಿ ಎರಡು ಪಕ್ಕಗಳಲ್ಲಿಯೂ ನೆಟ್ಟಗೆ ಇಳಿದಿದ್ದರೆ 600 ರಷ್ಟು ಒತ್ತುವುದು; ಅದರಿಂದ ದೊರೆವ ಘರ್ಷಣೆ 180 ಮಾತ್ರ. ಮುಂದಿಕ್ಕಿಗೆ ಮಾನದಂಡ ವಿಧಿಸುವ 1.25ರ ಸುರಕ್ಷಾಗುಣಕವನ್ನು ಸೇರಿಸಿದರೆ ನಾಲ್ಕು ಪಟ್ಟಿಗಳು ಬೇಕು. ಸರಕು ತಗ್ಗಾಗಿದ್ದು ಪಟ್ಟಿ ಹಲಗೆಯೊಡನೆ 30 ಡಿಗ್ರಿ ಕೋನ ಮಾಡಿದರೆ ಒತ್ತುವ ಅಂಶ ಅರ್ಧಕ್ಕಿಳಿದು ಏಳು ಪಟ್ಟಿಗಳು ಬೇಕಾಗುತ್ತವೆ! ಪೆಟ್ಟಿಗೆಯ ಅಂಚಿನಲ್ಲಿ ಪಟ್ಟಿ ಉಜ್ಜುವುದರಿಂದ ಹಿಡಿಯಿಲ್ಲದ ಪಕ್ಕದಲ್ಲಿ ಎಳೆತ ಇನ್ನೂ ಕಡಿಮೆ ಎಂಬುದನ್ನೂ ಮರೆಯಲಾಗದು.

ಈಗ ಪೆಟ್ಟಿಗೆಯ ಕೆಳಗೆ ರಬ್ಬರಿನ ಹಾಸು ಹಾಕಿ ಘರ್ಷಣಾಂಕವನ್ನು 0.6 ಮಾಡಿದೆವೆನ್ನಿ. ತೂಕವೊಂದರಿಂದಲೇ 600 ದೊರೆಯಿತು; ಕೊರತೆ 200ಕ್ಕೆ ಇಳಿಯಿತು; ನೆಟ್ಟಗಿರುವ ಪಟ್ಟಿಯೊಂದು 360 ಕೊಡುತ್ತದೆ. ಲೆಕ್ಕಕ್ಕೆ ಒಂದೇ ಸಾಕು. ಪೆಟ್ಟಿಗೆ ತಿರುಗದಿರಲೆಂದು ಎರಡನ್ನು ಹಾಕುವುದು ವಿವೇಕ. ಹಲಗೆಯ ಮೇಲಿನ ಎಣ್ಣೆ, ಮರಳುಗಳನ್ನು ಗುಡಿಸುವುದೂ ಇದೇ ಕಾರಣದಿಂದ ಪಟ್ಟಿ ಕೊಳ್ಳುವಷ್ಟೇ ಮುಖ್ಯ.

ಪಾಲಿಯೆಸ್ಟರ್ ಹಿಗ್ಗುವ ವಸ್ತು. ಎಲ್‌ಸಿಯಷ್ಟು ಎಳೆದಾಗ ಶೇಕಡಾ 7 ರವರೆಗೆ ಹಿಗ್ಗಲು ಅವಕಾಶವಿದೆ. ರಸ್ತೆಯ ಕುಲುಕಾಟದಲ್ಲಿ ಸರಕು ಕೂತುಕೊಂಡು ಒಂದೆರಡು ಅಂಗುಲ ತಗ್ಗಿದರೂ ಎಳೆತ ಬಹುಪಾಲು ಇಳಿದುಹೋಗಬಹುದು. ಆದುದರಿಂದ ಹೊರಟ ಕೆಲವು ಮೈಲಿಗಳಲ್ಲಿಯೇ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು.