ಹಿತ್ತಲ ಬಾಗಿಲಿನಿಂದ ಅವರೆ ಸಾಲಿನವರೆಗೆ

ಶಾಂತಿಗ್ರಾಮದ ಹತ್ತಿರ ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರೆ ಎರಡೂ ಬದಿಗೆ ರಾಗಿ ಹೊಲ, ತೆಂಗಿನ ತೋಟ, ನಡುನಡುವೆ ಆಲೂಗಡ್ಡೆ ತಾಕು. ಹುಬ್ಬೆ ಮಳೆ ಮುಗಿದು ಉತ್ತರೆ ಕಾಲಿಟ್ಟ ದಿನಗಳು. ನಾನು ನೋಡಲು ಹೋದದ್ದು ಹೊಲವನ್ನಲ್ಲ, ಒಂದು ಮನೆಯ ಹಿಂದಿನ ತರಕಾರಿ ಹಿತ್ತಲನ್ನು. ಐದಾರು ಗುಂಟೆ ಇದ್ದೀತು ಎಂದರು ಮನೆಯಾಕೆ. ನನ್ನ ಕಣ್ಣಿಗೆ ಅದಕ್ಕಿಂತ ಕಡಿಮೆ ಕಂಡಿತು. ಬಳ್ಳಿಗಳು ಅಷ್ಟು ಒತ್ತಾಗಿದ್ದಾಗ ಅಳತೆ ಸಿಗುವುದು ಕಷ್ಟ.

ಅಡುಗೆಮನೆಯ ಬಾಗಿಲು ದಾಟಿದೊಡನೆ ಬಚ್ಚಲ ನೀರು ಹೋಗುವ ಕಾಲುವೆ. ಅದರ ಬದಿಯಲ್ಲಿ ಎರಡು ಬಾಳೆ, ಒಂದಿಷ್ಟು ಕೆಸು, ಒಂದು ಕರಿಬೇವಿನ ಗಿಡ. ಕಾಲುವೆ ದಾಟಿದರೆ ಸೊಪ್ಪಿನ ಮಡಿಗಳು. ಮೊದಲ ಮಡಿಯ ಮೆಂತ್ಯ ಆಗಷ್ಟೇ ಎರಡೆಲೆ ಬಿಟ್ಟಿತ್ತು. ಪಕ್ಕದ್ದು ಕೀಳುವ ಹದಕ್ಕೆ ಬಂದಿತ್ತು, ಮೂರನೆಯದನ್ನು ಆಗಲೇ ಅರ್ಧ ಕಿತ್ತಿದ್ದರು. ಬಿತ್ತಿದ ಮೂರು ನಾಲ್ಕು ವಾರಕ್ಕೆ ಮೆಂತ್ಯ ಕೈಗೆ ಬರುವುದರಿಂದ ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಒಂದು ವಾರ ಹೊರೆ, ಮರುವಾರ ಬರಿಗೈ. ದಂಟಿನ ಮಡಿಯಲ್ಲಿ ಇನ್ನೊಂದು ಲೆಕ್ಕ ಕಂಡಿತು. ಒತ್ತಾಗಿ ಬೆಳೆದ ಎಳೆ ಗಿಡಗಳನ್ನು ಬೇರುಸಹಿತ ಕಿತ್ತು ಉಪ್ಸಾರಿಗೆ ಬಳಸುತ್ತಾರೆ. ಅದರಿಂದ ಉಳಿದವಕ್ಕೆ ಜಾಗವಾಗಿ, ದಂಟು ದಪ್ಪಗಾಗಿ, ಮುಂದೆ ಹುಳಿಗೆ ಒದಗುತ್ತವೆ.

ಸೊಪ್ಪಿನಿಂದಾಚೆ ಬೆಂಡೆ, ಬದನೆ, ಮೆಣಸಿನ ಗಿಡಗಳ ಸಾಲು. ಬೆಂಡೆ ಎದೆಯೆತ್ತರ ಬೆಳೆದಿತ್ತು. ಮನೆಯಾಕೆ ಒಂದು ಕಾಯಿಯ ತುದಿ ಮುರಿದು ತೋರಿಸಿದರು: ಪಟ್ಟನೆ ಮುರಿದರೆ ಎಳೆಯದು, ಬಗ್ಗಿದರೆ ನಾರು ಕಟ್ಟಿದೆ. ಹೂವಾದ ಐದಾರು ದಿನಕ್ಕೆ ಕಾಯಿ ಹದಕ್ಕೆ ಬರುತ್ತದೆ, ಆಮೇಲೆ ಕಾಯುವುದಿಲ್ಲ. ಹಾಗಾಗಿ ದಿನ ಬಿಟ್ಟು ದಿನ ಕೊಯ್ಲು. ತುಂಬುತೋಳಿನ ಹಳೆಯ ಅಂಗಿ ಹಾಕಿಕೊಂಡೇ ಅವರು ಸಾಲಿಗೆ ಇಳಿಯುವುದು ಏಕೆಂದು ನನಗೆ ಬೇಗ ತಿಳಿಯಿತು. ಆ ಗಿಡದ ಸುಂಕು ತಾಗಿದರೆ ಕೈಯೆಲ್ಲ ನವೆ.

ಬದನೆ ಗಿಡಗಳಲ್ಲಿ ಅಲ್ಲಲ್ಲಿ ಕುಡಿ ಬಾಡಿ ಜೋತುಬಿದ್ದಿತ್ತು. ನೀರು ಸಾಲದೇನೋ ಎಂದೆ. ಅವರು ಮಾತಾಡದೆ ಒಂದು ಕುಡಿ ಚಿವುಟಿ ಸೀಳಿದರು. ಒಳಗೆ ನಸುಗೆಂಪು ಹುಳು. ಕುಡಿಯಲ್ಲಿರುವಾಗಲೇ ಕಿತ್ತು ನಾಶ ಮಾಡದಿದ್ದರೆ ಇದರ ಸಂತತಿ ಕಾಯಿಗೆ ಇಳಿಯುತ್ತದೆ. ಎಲೆಗಳ ಮೇಲೆ ಒಲೆಯ ಬೂದಿ ಎರಚಿದ್ದು ಕಂಡಿತು. ಒಳಗೆ ಸೇರಿದ ಹುಳುವಿಗೆ ಅದು ಏನು ಮಾಡೀತು ಎಂಬ ಅನುಮಾನ ನನ್ನಲ್ಲಿ ಉಳಿಯಿತು.

ಮುಂದೆ ಬಿದಿರು ಗಳದ ಚಪ್ಪರ. ತಲೆ ಬಗ್ಗಿಸಿ ಒಳಗೆ ಹೋದರೆ ಹೀರೆ, ಪಡವಲ, ಸೋರೆ. ಪಡವಲದ ಒಂದೊಂದು ಕಾಯಿಯ ತುದಿಗೂ ದಾರದಲ್ಲಿ ಸಣ್ಣ ಕಲ್ಲು ಕಟ್ಟಿತ್ತು. ಆ ಭಾರಕ್ಕೆ ಕಾಯಿ ಸುತ್ತಿಕೊಳ್ಳದೆ ನೆಟ್ಟಗೆ ಇಳಿಯುತ್ತದೆ. ಹೀರೆ ಹೂವು ಅರಳುವುದು ಸಂಜೆಗೆ. ನಾವು ಹೋದಾಗ ಬಿಸಿಲಿತ್ತು, ಮೊಗ್ಗುಗಳಷ್ಟೇ ಕಂಡವು. ಗೊಂಚಲಲ್ಲಿ ಬಂದವು ಗಂಡು. ಹಿಂದೆ ಪುಟ್ಟ ಕಾಯಿ ಹೊತ್ತು ಒಂಟಿಯಾಗಿ ನಿಂತದ್ದು ಹೆಣ್ಣು. ಒಂದು ಸೋರೆಕಾಯಿಗೆ ಮಾತ್ರ ಬಟ್ಟೆಯ ಚೂರು ಕಟ್ಟಿದ್ದರು. ಅದು ಬೀಜಕ್ಕೆ ಬಿಟ್ಟದ್ದು, ಯಾರೂ ಕೊಯ್ಯುವಂತಿಲ್ಲ.

ಚಪ್ಪರ ದಾಟಿದರೆ ಬಯಲು. ಅಲ್ಲಿ ಆಲೂಗಡ್ಡೆಯ ಏರುಸಾಲುಗಳು. ಉತ್ತರ ಭಾರತದ ಬಯಲಿನಲ್ಲಿ ಆಲೂಗಡ್ಡೆ ಚಳಿಗಾಲದ ಬೆಳೆ. ಹಾಸನ ಸೀಮೆಯಲ್ಲಿ ಮುಂಗಾರಿಗೆ ಬಿತ್ತುತ್ತಾರೆ: ಮೇ, ಜೂನ್‌ನಲ್ಲಿ ಗಡ್ಡೆ ಊರಿದರೆ ಆಗಸ್ಟ್, ಸೆಪ್ಟೆಂಬರ್‌ಗೆ ಕೀಳುವುದು. ಬಿತ್ತನೆ ಗಡ್ಡೆ ಬರುವುದು ಬಹುಪಾಲು ಪಂಜಾಬಿನ ಜಲಂಧರ್ ಕಡೆಯಿಂದ. ಕುಫ್ರಿ ಜ್ಯೋತಿ ಇಲ್ಲಿ ಹಳೆಯ ಪರಿಚಯದ ತಳಿ.

ಇಲ್ಲಿ ಗಿಡದ ಹಸಿರು ಭಾಗವನ್ನೆಲ್ಲ ಆಗಲೇ ಕುಡುಗೋಲಿನಿಂದ ಕೊಯ್ದು ಹಾಕಿದ್ದರು. ಹೀಗೆ ಮಾಡಿ ಹತ್ತು ದಿನ ಬಿಟ್ಟರೆ ಮಣ್ಣೊಳಗೆ ಗಡ್ಡೆಯ ಸಿಪ್ಪೆ ಗಟ್ಟಿಯಾಗುತ್ತದೆ. ಗುದ್ದಲಿಯಿಂದ ಒಂದು ಏರಿ ಬಿಡಿಸಿ, ಸಿಕ್ಕ ಗಡ್ಡೆಯನ್ನು ಹೆಬ್ಬೆರಳಿನಿಂದ ಉಜ್ಜಿ ನನಗೆ ಕೊಟ್ಟರು. ಸಿಪ್ಪೆ ಜಾರಲಿಲ್ಲ. ಜಾರಿದರೆ ಇನ್ನೂ ಕಾಯಬೇಕು. ಒಂದೆರಡು ಗಡ್ಡೆಯ ತಲೆ ಹಸಿರಾಗಿತ್ತು. ಮಣ್ಣು ಏರಿಸಿದ್ದು ಮಳೆಗೆ ಕೊಚ್ಚಿಹೋಗಿ ಬಿಸಿಲು ಬಿದ್ದರೆ ಹೀಗಾಗುತ್ತದೆ. ಹಸಿರಾದದ್ದು ಕಹಿ, ತಿನ್ನಲಾಗದು.

ಬದಿಗೆ ಬಿದ್ದ ಒಣಗಿದ ಎಲೆಗಳಲ್ಲಿ ಕಪ್ಪು ಮಚ್ಚೆ ಕಂಡೆ. ಅಂಗಮಾರಿಯದೋ, ಬರೀ ವಯಸ್ಸಾದ ಎಲೆಯದೋ ನೋಡಿ ಹೇಳುವ ಕಣ್ಣು ನನಗಿಲ್ಲ. ಆ ಹೆಸರು ಎತ್ತಿದರೆ ಸಾಕು, ಇಲ್ಲಿನ ಬೆಳೆಗಾರರ ಮುಖ ಬದಲಾಗುತ್ತದೆ. ಮೋಡ, ತುಂತುರು, ತಂಪು ಮೂರೂ ಕೂಡಿ ಬಂದರೆ ಕೆಲವೇ ದಿನಗಳಲ್ಲಿ ಇಡೀ ತಾಕು ಸುಟ್ಟಂತೆ ಕಪ್ಪಾಗುತ್ತದೆ. 1845ರಲ್ಲಿ ಐರ್ಲೆಂಡನ್ನು ಕ್ಷಾಮಕ್ಕೆ ತಳ್ಳಿದ್ದೂ ಇದೇ ರೋಗ. ಇಲ್ಲಿ ಮುಂಗಾರಿನ ಮೋಡವೇ ಬೆಳೆಯನ್ನು ಸಾಕುತ್ತದೆ, ಅದೇ ಮೋಡ ರೋಗವನ್ನೂ ಸಾಕುತ್ತದೆ.

ಕೊನೆಗೆ ಬೇಲಿ. ತಿಪ್ಪೆಯ ಮೇಲೆ ಹಬ್ಬಿದ ಸಿಹಿಕುಂಬಳದಲ್ಲಿ ನಾಲ್ಕೈದು ಕಾಯಿ. ತೊಟ್ಟು ಒಣಗಿದ ಮೇಲೆ ಕಿತ್ತರೆ ತಿಂಗಳುಗಟ್ಟಲೆ ಇಡಬಹುದು. ಬೇಲಿಗುಂಟ ಅವರೆ ಬಳ್ಳಿ, ಒಂದು ಹೂವೂ ಇಲ್ಲದೆ ಬರೀ ಎಲೆ. ನಾಟಿ ಅವರೆಗೆ ಹಗಲು ಗಿಡ್ಡದಾಗಬೇಕು. ಹೂವು, ಸೊಗಡು ಎಲ್ಲ ಚಳಿ ಹತ್ತಿರವಾದ ಮೇಲೆ.

ಅಲ್ಲಿ ನಿಂತು ಮನೆಯತ್ತ ತಿರುಗಿದಾಗ ಹಿತ್ತಲಿನ ಏರ್ಪಾಡು ಹೊಳೆಯಿತು. ಬಾಗಿಲ ಬಳಿ ದಿನಾ ಕೀಳುವ ಸೊಪ್ಪು, ಆಮೇಲೆ ದಿನ ಬಿಟ್ಟು ದಿನದ ಬೆಂಡೆ, ಆಚೆಗೆ ಆಗಾಗ ನೋಡಿ ಕೊಯ್ಯುವ ಬಳ್ಳಿಕಾಯಿ, ಅದರಾಚೆ ಹಂಗಾಮಿಗೊಮ್ಮೆ ಅಗೆಯುವ ಗಡ್ಡೆ, ತುದಿಯಲ್ಲಿ ತಿಂಗಳುಗಟ್ಟಲೆ ಕಾಯಬಲ್ಲ ಕುಂಬಳ, ಅವರೆ. “ಇದನ್ನೆಲ್ಲ ಯೋಚನೆ ಮಾಡಿ ಹಾಕಿದ್ರಾ ಅಮ್ಮ?” ಎಂದು ಕೇಳಿದೆ.

“ಯೋಚನೆ ಏನು ಬಂತು ಕಣಪ್ಪ,” ಎಂದರು ಮಕ್ಕರಿ ಎತ್ತಿಕೊಳ್ಳುತ್ತ. “ಒಲೆ ಮೇಲೆ ಸಾರು ಇಟ್ಟು ಓಡಿಬರೋಳು ನಾನು. ದಿನಾ ಬೇಕಾದ್ದು ಕೈಗೆ ಸಿಗಬೇಕು ತಾನೆ?”

ನಕ್ಷೆಯಿಲ್ಲದೆ ಈ ಹಿತ್ತಲು ಇಷ್ಟು ಅಚ್ಚುಕಟ್ಟಾದದ್ದು ಹೇಗೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚಿಲ್ಲ.