ಚೌಕ ಚೌಕವಾಗಿ ಬರುವ ಭೂಮಿ

ರಜೆಗೆ ಬಂದಿದ್ದ ಮೊಮ್ಮಗ ಮೊನ್ನೆ ನನ್ನ ಫೋನಿನಲ್ಲಿ ಉಪಗ್ರಹ ನಕ್ಷೆ ತೆರೆದು ನಮ್ಮೂರ ಕೆರೆ ಹುಡುಕುತ್ತಿದ್ದ. ನಮ್ಮ ಕಡೆಯ ನೆಟ್‌ವರ್ಕ್ ನಿಮಗೆ ಗೊತ್ತಲ್ಲ, ಮಳೆ ಬಂದರೆ ಇಲ್ಲ, ಬಿಸಿಲಿದ್ದರೆ ಇದ್ದರೂ ಇದ್ದೀತು. ಪರದೆಯ ಮೇಲೆ ಮೊದಲು ಬರೀ ಬೂದು ಬಣ್ಣ. ಆಮೇಲೆ ಒಂದು ಚೌಕದಲ್ಲಿ ಕೆರೆ ಏರಿ, ಪಕ್ಕದ ಚೌಕದಲ್ಲಿ ಅರ್ಧ ತೆಂಗಿನ ತೋಟ. ನಡುವೆ ಒಂದು ಚೌಕ ಬರಲೇ ಇಲ್ಲ.

“ಅಜ್ಜಾ, ಪೂರ್ತಿ ಚಿತ್ರ ಒಟ್ಟಿಗೇ ಯಾಕೆ ಬರಲ್ಲ? ಯಾರೋ ನೆಲಕ್ಕೆ ಟೈಲ್ಸ್ ಹಾಕ್ತಾ ಇರೋ ಹಾಗಿದೆ” ಎಂದ.

ಹುಡುಗನ ಹೋಲಿಕೆ ಸರಿಯಾಗಿಯೇ ಇತ್ತು. ಆ ತುಂಡುಗಳಿಗೆ ಕಂಪ್ಯೂಟರಿನವರು ಇಟ್ಟಿರುವ ಹೆಸರೂ ‘ಟೈಲ್’. ಭೂಮಿಯ ಚಿತ್ರವನ್ನು ಹೀಗೆ ತುಂಡು ಮಾಡಿ, ಲೆಕ್ಕದ ಪುಸ್ತಕದಂಥ ಒಂದು ಕೋಷ್ಟಕದಲ್ಲಿಟ್ಟು, ಕೇಳಿದವರಿಗೆಲ್ಲ ಅಂತರಜಾಲದಲ್ಲಿ ಹಂಚಿ ತೋರಿಸಿದವರಲ್ಲಿ ಒಬ್ಬರು ಅಮೆರಿಕದ ಜಿಮ್ ಗ್ರೇ. ಅವರ ಕಥೆಗೆ ಹೋಗುವ ಮೊದಲು ನಿಮ್ಮ ಶಾಲೆಯ ಆಫೀಸಿಗೆ ಹೋಗಿ ಬರೋಣ.

ಅಲ್ಲಿ ದಾಖಲಾತಿ ರಿಜಿಸ್ಟರ್ ಇರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಸಾಲು: ಸಂಖ್ಯೆ, ಹೆಸರು, ಹುಟ್ಟಿದ ದಿನ, ಊರು. ಅಂಕಗಳ ಪುಸ್ತಕ ಬೇರೆ. ಅದರಲ್ಲಿ ಊರು, ಹುಟ್ಟಿದ ದಿನ ಮತ್ತೆ ಬರೆಯಬೇಕಿಲ್ಲ, ಸಂಖ್ಯೆ ಇದ್ದರೆ ಸಾಕು. ಆ ಸಂಖ್ಯೆ ಹಿಡಿದು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗಬಹುದು. ಕಂಪ್ಯೂಟರಿನ ಮಾಹಿತಿಯನ್ನೂ ಹೀಗೆಯೇ ಒಂದಕ್ಕೊಂದು ಸಂಬಂಧವಿರುವ ಕೋಷ್ಟಕಗಳಲ್ಲಿ ಇಡಬಹುದೆಂದು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಬರೆದರು. ಇದೇ ರಿಲೇಷನಲ್ ಡೇಟಾಬೇಸ್.

ಈಗ ಆ ರಿಜಿಸ್ಟರಿಗೆ ಭಾವಚಿತ್ರವೂ ಬೇಕು ಎಂದುಕೊಳ್ಳಿ. ಗುಮಾಸ್ತರು ಎರಡು ರೀತಿ ಮಾಡಬಹುದು. ಫೋಟೋವನ್ನು ಆ ಸಾಲಿನಲ್ಲೇ ಅಂಟಿಸಬಹುದು. ಇಲ್ಲವೇ ಫೋಟೋಗಳನ್ನೆಲ್ಲ ಬೀರುವಿನಲ್ಲಿಟ್ಟು, ಸಾಲಿನಲ್ಲಿ ‘ಮೂರನೇ ಅರೆ, ಏಳನೇ ಕವರು’ ಎಂದು ಬರೆದಿಡಬಹುದು. ಅಂಟಿಸಿದರೆ ಪುಸ್ತಕ ಉಬ್ಬುತ್ತದೆ. ಬೀರುವಿನಲ್ಲಿಟ್ಟರೆ ಯಾರಾದರೂ ಕವರು ಆಚೀಚೆ ಮಾಡಿದ ದಿನ ನಿಮ್ಮ ಹೆಸರಿನ ಮುಂದೆ ಇನ್ನೊಬ್ಬರ ಮುಖ! ಕಂಪ್ಯೂಟರಿನವರಿಗೂ ಇರುವುದು ಇದೇ ತಲೆನೋವು.

ಅಂಟಿಸುವುದು ಹೇಗೆ ಎಂದಿರಾ? ಕಂಪ್ಯೂಟರಿಗೆ ಚಿತ್ರವೆಂದರೆ 0ಯಿಂದ 255ರವರೆಗಿನ ಸಂಖ್ಯೆಗಳ ಉದ್ದನೆಯ ಸರ. ಜೆಪೆಗ್ ಚಿತ್ರವಾದರೆ ಆ ಸರ ಯಾವಾಗಲೂ 255, 216 ಎಂದೇ ಶುರುವಾಗುತ್ತದೆ. ಇಡೀ ಸರವನ್ನು ಕೋಷ್ಟಕದ ಒಂದೇ ಮನೆಯೊಳಗೆ ತುರುಕಿದರೆ ಅದಕ್ಕೆ ‘ಬ್ಲಾಬ್’ ಎನ್ನುತ್ತಾರೆ. ಈ ಹೆಸರಿಟ್ಟ ಜಿಮ್ ಸ್ಟಾರ್ಕಿ ಅದನ್ನು ತೆಗೆದುಕೊಂಡದ್ದು ಒಂದು ಹಳೆಯ ಭೂತದ ಸಿನಿಮಾದಿಂದ. 1958ರ ಆ ಚಿತ್ರದಲ್ಲಿ ಲೋಳೆಯಂಥ ಮುದ್ದೆಯೊಂದು ಸಿಕ್ಕಿದ್ದನ್ನೆಲ್ಲ ನುಂಗುತ್ತಾ ಬೆಳೆಯುತ್ತದೆ. ಇಂಥ ಹೆಸರಿಡುವವರು ನನಗೆ ಇಷ್ಟ.

1998ರ ಜೂನ್‌ನಲ್ಲಿ ಗ್ರೇ ಮತ್ತು ಅವರ ಜೊತೆಗಾರರು ಮೈಕ್ರೋಸಾಫ್ಟ್‌ನಲ್ಲಿ ‘ಟೆರಾಸರ್ವರ್’ ಎಂಬ ಜಾಲತಾಣ ತೆರೆದರು. ಟೆರಾ ಎಂದರೆ ಲ್ಯಾಟಿನ್‌ನಲ್ಲಿ ಭೂಮಿ. ಟೆರಾಬೈಟ್ ಎಂದರೆ ಒಂದು ಲಕ್ಷ ಕೋಟಿ ಬೈಟ್. ಮನೆಯ ಕಂಪ್ಯೂಟರಿನಲ್ಲಿ ಕೆಲವೇ ಗಿಗಾಬೈಟ್ ಹಿಡಿಯುತ್ತಿದ್ದ ಕಾಲ ಅದು. ಅಮೆರಿಕದ ಭೂವಿಜ್ಞಾನ ಇಲಾಖೆ ವಿಮಾನದಿಂದ ತೆಗೆಸಿದ ಚಿತ್ರಗಳು, ರಷ್ಯಾದ ಉಪಗ್ರಹದ ಚಿತ್ರಗಳು ಎಲ್ಲವನ್ನೂ ಪುಟ್ಟ ಪುಟ್ಟ ತುಂಡು ಮಾಡಿ, ಒಂದು ತುಂಡಿಗೆ ಒಂದು ಸಾಲಿನಂತೆ ಡೇಟಾಬೇಸಿನಲ್ಲಿ ಇಟ್ಟರು. ಒಂದೊಂದು ತುಂಡು ಸುಮಾರು ಹತ್ತು ಕಿಲೋಬೈಟ್. ಆಗಿನ ನಿಧಾನದ ಫೋನ್ ತಂತಿಯಲ್ಲೂ ಅಷ್ಟು ಬಂದೀತು.

ಸಾಲಿನಲ್ಲಿ ಚಿತ್ರದ ಜೊತೆ ಕೆಲವು ಸಂಖ್ಯೆಗಳಿದ್ದವು: ಯಾವ ಬಗೆಯ ಚಿತ್ರ, ಎಷ್ಟು ಎತ್ತರದಿಂದ ನೋಡಿದಂತೆ, ಭೂಮಿಯ ಯಾವ ಪಟ್ಟಿ, ಪೂರ್ವಕ್ಕೆ ಎಷ್ಟನೆಯದು, ಉತ್ತರಕ್ಕೆ ಎಷ್ಟನೆಯದು. ನೀವು ನಕ್ಷೆಯನ್ನು ಸರಿಸಿದಿರಿ ಎನ್ನಿ. ನಿಮ್ಮ ಬ್ರೌಸರ್ ಈ ಸಂಖ್ಯೆಗಳನ್ನು ಒಂದು ಚೀಟಿಯಂತೆ ಸರ್ವರಿಗೆ ಕಳಿಸುತ್ತದೆ. ಸರ್ವರ್ ಕೋಷ್ಟಕದಲ್ಲಿ ಆ ಸಾಲು ಹುಡುಕಿ ಬ್ಲಾಬನ್ನು ಹೊರತೆಗೆಯುತ್ತದೆ. ಕಳಿಸುವ ಮುಂಚೆ ‘ಇದು ಜೆಪೆಗ್ ಚಿತ್ರ’ ಎಂದು ಮೇಲೊಂದು ಚೀಟಿ ಅಂಟಿಸುತ್ತದೆ. ಆ ಚೀಟಿ ತಪ್ಪಿದರೆ ಕೆರೆಯ ಬದಲು ಪರದೆ ತುಂಬ ಅರ್ಥವಾಗದ ಅಕ್ಷರಗಳು ಬಂದಾವು. ಪಕ್ಕದ ತುಂಡು ಬೇಕೆ? ಪೂರ್ವದ ಸಂಖ್ಯೆಗೆ ಒಂದು ಕೂಡಿಸಿ ಕೇಳಿದರಾಯಿತು. ಎರಡನೇ ತರಗತಿಯ ಸಂಕಲನ!

ಹಾಗಾದರೆ ಚಿತ್ರಗಳನ್ನೆಲ್ಲ ಕೋಷ್ಟಕದಲ್ಲೇ ಅಂಟಿಸಬೇಕೆ? ಇದನ್ನೂ ಗ್ರೇ ಮತ್ತಿಬ್ಬರು ಪರೀಕ್ಷೆ ಮಾಡಿ 2006ರಲ್ಲಿ ಬರೆದರು. 256 ಕಿಲೋಬೈಟಿಗಿಂತ ಚಿಕ್ಕದಿದ್ದರೆ ಡೇಟಾಬೇಸ್ ಒಳ್ಳೆಯದು, ಒಂದು ಮೆಗಾಬೈಟ್ ದಾಟಿದರೆ ಬೀರು, ಅಂದರೆ ಬೇರೆ ಫೈಲು, ಒಳ್ಳೆಯದು. ನಡುವಿನದಕ್ಕೆ ಸಂದರ್ಭ ನೋಡಿಕೊಳ್ಳಿ ಎಂದರು. ತಾವೇ ಮಾಡಿದ ದಾರಿ ಎಲ್ಲಿಯವರೆಗೆ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಅಳೆದು ಹೇಳುವವರು ಅಪರೂಪ.

ಮರುವರ್ಷ, 2007ರ ಜನವರಿ 28ರಂದು, ಗ್ರೇ ತಾಯಿಯ ಚಿತಾಭಸ್ಮವನ್ನು ಸಮುದ್ರದಲ್ಲಿ ಬಿಡಲೆಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ತಮ್ಮ ಹಾಯಿದೋಣಿಯಲ್ಲಿ ಒಬ್ಬರೇ ಹೊರಟರು. ‘ಟೆನೇಷಿಯಸ್’ ಎಂಬ 40 ಅಡಿಯ ದೋಣಿ. ಫ್ಯಾರಲನ್ ದ್ವೀಪಗಳ ಕಡೆಗೆ ಹೋದವರು ಸಂಜೆಗೆ ಮರಳಲಿಲ್ಲ. ಕರಾವಳಿ ಕಾವಲು ಪಡೆ ದಿನಗಟ್ಟಲೆ ಹುಡುಕಿತು. ಸುಳಿವಿಲ್ಲ.

ಆಗ ಅವರ ಗೆಳೆಯರು ಆ ಸಮುದ್ರದ ಉಪಗ್ರಹ ಚಿತ್ರಗಳನ್ನು ತರಿಸಿದರು. ಅವನ್ನು ಸಣ್ಣ ಸಣ್ಣ ತುಂಡು ಮಾಡಿ ಅಮೆಜಾನ್‌ನ ಜಾಲತಾಣವೊಂದರಲ್ಲಿ ಇಟ್ಟರು. ಸಾವಿರಾರು ಜನ, ಹೆಚ್ಚಿನವರು ಗ್ರೇ ಅವರನ್ನು ಕಂಡವರೇ ಅಲ್ಲ, ತಮ್ಮ ಮನೆಗಳಲ್ಲಿ ಕೂತು ಒಂದೊಂದೇ ಚೌಕ ತೆರೆದು ನೋಡಿದರು. ಅಲೆಯ ನೊರೆಯೋ, ದೋಣಿಯೋ? ಕೆಲವೇ ಚುಕ್ಕಿಗಳಷ್ಟು ದೊಡ್ಡದು ಅದು. ಅನುಮಾನ ಬಂದ ಚೌಕಗಳನ್ನು ಗುರುತು ಮಾಡಿ ಕಳಿಸಿದರು.

“ಸಿಕ್ಕಿದರಾ ಅಜ್ಜಾ?” ಎಂದು ಮೊಮ್ಮಗ ಕೇಳಿದ.

ಇಲ್ಲ ಮಗಾ, ದೋಣಿಯೂ ಸಿಗಲಿಲ್ಲ ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಮ್ಮೂರ ಕೆರೆ ಬಿಟ್ಟು, ನಕ್ಷೆಯನ್ನು ಸರಿಸುತ್ತಾ ಸರಿಸುತ್ತಾ ಕ್ಯಾಲಿಫೋರ್ನಿಯಾದ ಕಡಲಿಗೆ ಹೋದ. ಬೂದು ಪರದೆಯ ಮೇಲೆ ನೀಲಿ ಚೌಕಗಳು ಒಂದೊಂದಾಗಿ ಬರತೊಡಗಿದವು. ಅವನು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡ.